ನನ್ನ ಅಂದಾಜು ವಾಟುಗಳು

ಶಹಾಪುರದಿಂದ ಕೆಂಭಾವಿಗೆ ನೌಕರರ ಸೈಕಲ್ ಸ್ಪರ್ಧೆ ಎಂದು ಪ್ರಕಟಣೆ ಬಂದ ದಿನ ನನ್ನ ಹೆಂಡತಿ ಮಲ್ಲಮ್ಮ ಒಂದು ತಪ್ಪು ಮಾಡಿದಳು. ನನ್ನನ್ನು ನಂಬಿದಳು! ಕೆಂಭಾವಿ ಅವಳ ತವರು. ಅಲ್ಲಿ ಅವಳ ತಮ್ಮ ಶರಣಪ್ಪ ನನ್ನನ್ನು 'ಕುರ್ಚಿ ಮಾಸ್ತರ' ಎಂದೇ ಕರೆಯುತ್ತಾನೆ. "ಈ ಸಲ ನಮ್ಮೋರು ಮೊದಲ ಹತ್ತರಾಗ ಬರ್ತಾರ, ನೋಡ್ರಿ" ಎಂದು ಅವಳು ಫೋನಿನಲ್ಲಿ ಇಡೀ ತವರಿಗೆ ಸಾರಿದಳು. ಮದುವೆಯಾದ ಮೇಲೆ ಅವಳು ನನ್ನ ಬಗ್ಗೆ ಹೆಮ್ಮೆಯಿಂದ ಮಾತಾಡಿದ್ದು ಅದೇ ಮೊದಲು. ನನಗೆ ಆಗಲೇ ಭಯ ಹತ್ತಿತು.

ನಾನು ವಿಜ್ಞಾನ ಶಿಕ್ಷಕ. ಆದ್ದರಿಂದ ವೈಜ್ಞಾನಿಕವಾಗಿಯೇ ತಯಾರಾಗಬೇಕೆಂದು ತೀರ್ಮಾನಿಸಿದೆ. ತುಳಿಯುವ ಶಕ್ತಿಯನ್ನು ವಾಟ್‌ಗಳಲ್ಲಿ ತೋರಿಸುವ ಸೈಕಲ್ ಕಂಪ್ಯೂಟರ್ ಬೇಕಿತ್ತು. ವಾರವಿಡೀ ವಿಡಿಯೊ ನೋಡಿ ತಿಳಿದದ್ದಿಷ್ಟು: ಶಕ್ತಿಯನ್ನು ನಿಜವಾಗಿ ಅಳೆಯಲು ಪೆಡಲಿಗೆ ಬೇರೆ ಸೆನ್ಸರ್ ಬೇಕು. ಅದರ ಬೆಲೆ ನನ್ನ ಸೈಕಲ್ಲಿಗಿಂತ ಹೆಚ್ಚು! ಅಗ್ಗದ ಯಂತ್ರವೊಂದಿತ್ತು. ಅದು ವೇಗ, ತೂಕ ನೋಡಿ ಶಕ್ತಿಯನ್ನು ಅಂದಾಜು ಮಾಡುತ್ತದೆ. ನಮ್ಮಂಥವರಿಗೆ ಅಂದಾಜೇ ಸಾಕೆಂದು ಅದನ್ನೇ ತರಿಸಿದೆ.

ಮೊದಲ ದಿನ ಕಾಲುವೆ ದಂಡೆಯ ರಸ್ತೆ ಹಿಡಿದು ಕೆಂಭಾವಿ ಕಡೆ ಹೊರಟೆ. ಆಷಾಢದ ಗಾಳಿ ಎದೆಗೆ ಬಡಿಯುತ್ತಿತ್ತು. ಎಪ್ಪತ್ತು ವಾಟ್! ತಿರುಗಿ ಬರುವಾಗ ಇನ್ನೂರ ನಲವತ್ತು! ನನ್ನ ದೇಹ ತಡವಾಗಿ ಎಚ್ಚರಗೊಳ್ಳುವ ಜಾತಿಯದು ಎಂದು ನಿರ್ಣಯಿಸಿದೆ. ಮರುದಿನದಿಂದ ಸೈಕಲ್ಲನ್ನು ಟಂಟಂ ಆಟೊ ಮೇಲೆ ಕಟ್ಟಿಕೊಂಡು ಹೋಗುವುದು, ತುಳಿಯುತ್ತಾ ಬರುವುದು.

"ಸರ್ರ, ಸೈಕಲ್ ಇಟಗೊಂಡು ಟಂಟಂದಾಗ ಯಾಕ ಹೊಂಟೀರಿ?" ಎಂದು ಕೇಳಿದ ಟಂಟಂ ಚಾಲಕ.

"ಟ್ರೇನಿಂಗ್ ನಡದದಪಾ."

"ನಿಮಗೋ, ಟಂಟಂಗೋ?"

ತಿಂಗಳಲ್ಲಿ ಮುನ್ನೂರು ವಾಟ್ ಮುಟ್ಟಿದೆ. ಮಲ್ಲಮ್ಮ ಆ ಅಂಕಿಯ ಫೋಟೊ ತೆಗೆದು ತವರಿಗೆ ಕಳಿಸಿದಳು. ಗಾಳಿ ಎಂಬುದೊಂದಿದೆ ಎಂದು ಯಂತ್ರಕ್ಕೆ ಗೊತ್ತಿರಲಿಲ್ಲ. ಒಂಬತ್ತನೆಯ ತರಗತಿಗೆ ಅದನ್ನು ಕಲಿಸುವ ನನಗೂ ಹೊಳೆಯಲಿಲ್ಲ.

ಹೊಳೆದದ್ದು ಸ್ಪರ್ಧೆಯ ದಿನ, ಶಹಾಪುರ ದಾಟಿದ ಹತ್ತನೆಯ ನಿಮಿಷಕ್ಕೆ. ಎಲ್ಲರೂ ಮುಂದೆ ಹೋದರು. ನಿವೃತ್ತಿಯ ಅಂಚಿನಲ್ಲಿದ್ದ ಹೆಡ್‌ಮಾಸ್ತರರೂ "ಗಾಳಿ ಭಾಳ ಅದರಿ" ಎಂದು ಸಮಾಧಾನ ಹೇಳುತ್ತಾ ದಾಟಿದರು. ತಿಂಗಳಿಡೀ ನನ್ನನ್ನು ತಳ್ಳಿದ ಗಾಳಿ ಅದು. ನನ್ನ ಮುನ್ನೂರು ವಾಟ್ ಅದರದ್ದೇ ಆಗಿತ್ತು!

ಕೆಂಭಾವಿ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಕುರ್ಚಿಗಳು ಟ್ರ್ಯಾಕ್ಟರ್ ಏರಿದ್ದವು. ಆರತಿ ತಟ್ಟೆ ಹಿಡಿದು ಮಲ್ಲಮ್ಮ ಒಬ್ಬಳೇ ನಿಂತಿದ್ದಳು. ದೀಪ ಎಂದೋ ಆರಿತ್ತು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಶರಣಪ್ಪ ಬಂದು ಯಂತ್ರದ ಮೇಲೆ ಕಣ್ಣಾಡಿಸಿದ.

"ಮಾವಾರ, ಇದರ ಪ್ರಕಾರ ನೀವಿನ್ನೂ ಶಹಾಪುರದಾಗ ಅದೀರಿ!"

ವೇಗ ತೀರ ಇಳಿದರೆ ಸವಾರ ನಿಂತಿದ್ದಾನೆಂದು ತಿಳಿದು ಯಂತ್ರ ತಾನೇ ಲೆಕ್ಕ ನಿಲ್ಲಿಸುತ್ತದೆ. ನಾನು ಬಾಯಲ್ಲಿ ನೊರೆ ತಂದುಕೊಂಡು ತುಳಿಯುತ್ತಿದ್ದುದನ್ನು ಅದು ವಿಶ್ರಾಂತಿ ಎಂದು ದಾಖಲಿಸಿತ್ತು.

ಮಲ್ಲಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಇನ್ನ ತವರಿಗೆ ನಾ ಒಬ್ಬಾಕಿನ ಬರ್ತೀನ್ರಿ" ಎಂದಳು.

ನಾನು ಆಕ್ಷೇಪಿಸಲಿಲ್ಲ. ಆಕ್ಷೇಪಿಸಲು ಉಸಿರಿರಲಿಲ್ಲ!