ಕೂಸು ಕಟ್ಟಿಕೊಂಡು ತಿರುಗಿದ ತಿಂಗಳು

ಹೆಗಲ ಮೇಲೆ ಮೂಟೆ ಹೊತ್ತ ಗಂಡಸನ್ನು ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಎದೆಗೆ ಕೂಸು ಕಟ್ಟಿಕೊಂಡ ಗಂಡಸನ್ನು ಮಾತ್ರ ನಿಲ್ಲಿಸಿ ವಿಚಾರಿಸದೆ ಬಿಡುವುದಿಲ್ಲ. ಹಾಗಾಗಿ ಕೂಸು ಕಟ್ಟಿಕೊಂಡು ತಿರುಗಿದ ಆ ತಿಂಗಳು ನನಗೆ ಇಂಥ ಪ್ರಸಂಗಗಳು ಎದುರಾಗುತ್ತಲೇ ಇದ್ದವು. ಕೆಲವು ದಿನ ಊಟಕ್ಕೆ ಮೊದಲೊಂದು, ಊಟವಾದ ಮೇಲೊಂದು.

ಸಂಗತಿ ಸರಳ. ಚಿತ್ತಾಪುರದ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ಹೆರಿಗೆ ರಜೆ ಮುಗಿಯಿತು. ವಾಡಿಯ ನಮ್ಮ ಮನೆಯಲ್ಲಿ ಹಿರಿಯರು ಯಾರೂ ಇಲ್ಲ. ನಾನು ವಿಮೆ ಏಜೆಂಟ್. ಊರೂರು ತಿರುಗುವುದೇ ಕೆಲಸ. ಕೂಸು ಶಾಲೆಗೆ ಹೋಗುವ ತನಕ ಚಿಂಚೋಳಿ ಕಡೆಯ ಐನಾಪುರದಲ್ಲಿ, ತಮ್ಮ ಮನೆಯಲ್ಲೇ ಬೆಳೆಯಲಿ ಎಂದು ಮಾವನವರ ಮನೆಯಲ್ಲಿ ಮಾತಾಯಿತು. ಹಬ್ಬ ಹುಣ್ಣಿಮೆಗಷ್ಟೇ ಮಗಳ ಮುಖ ನೋಡುವ ಅಪ್ಪನಾಗಲು ನಾನು ಒಪ್ಪಲಿಲ್ಲ. ಕೊನೆಗೆ ಆ ಮನೆಯ ಹಿರಿಯರಾದ ಹೆಂಡತಿಯ ಮುತ್ಯಾ, ಅಂದರೆ ಅವಳ ಅಜ್ಜ, ತೀರ್ಪು ಮುಂದೂಡಿದರು: "ಬರೋ ಅಮಾಸಿ ತನಕ ನೀನೇ ನೋಡ್ಕೋ. ಅವತ್ತ ಕೂಸಿನ ತಗೊಂಡು ಬಾ. ನನ್ನ ಕಣ್ಣಿಗಿ ಸರಿ ಕಂಡ್ರ ನಿನ್ನ ಹತ್ರ, ಇಲ್ಲಂದ್ರ ನಮ್ಮ ಹತ್ರ."

ಹೆಂಡತಿ ಮೊಬೈಲಿನಲ್ಲಿ ಹುಡುಕಿ, ಕೂಸು ಕಟ್ಟಿಕೊಳ್ಳುವ ಉದ್ದನೆಯ ಬಟ್ಟೆಯೊಂದನ್ನು ತರಿಸಿದಳು. ಎದೆಗೆ ಸುತ್ತಿ, ಕೂಸನ್ನು ಒಳಗೆ ಕೂರಿಸಿ, ಬೆನ್ನ ಹಿಂದೆ ಗಂಟು ಹಾಕುವುದು. ಲಮಾಣಿ ಹೆಂಗಸರು ಕೂಸನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕೆಲಸ ಮಾಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಈ ಬಟ್ಟೆ ಡಬ್ಬಿಯಲ್ಲಿ, ಬಳಸುವ ವಿಧಾನದ ಚಿತ್ರಗಳೊಂದಿಗೆ ಬಂದಿದ್ದರಿಂದ ಮನೆಯಲ್ಲಿ ಅದಕ್ಕೆ ಬೇರೆಯೇ ಗೌರವ ಸಿಕ್ಕಿತು.

೧. ಶಹಾಬಾದದ ಸಹಿ

ಶಹಾಬಾದದಲ್ಲಿ ಒಬ್ಬ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿ. ವಿಮೆಯ ಮಾತೆತ್ತಿದಾಗಲೆಲ್ಲ "ನಾಳಿ ಬರ್ರಿ" ಎನ್ನುವುದು ಅವರ ರೂಢಿ. ಆ ದಿನ ಕೂಸನ್ನು ನೋಡಿದ್ದೇ ಎದ್ದು, ಫ್ಯಾನಿನ ಕೆಳಗಿನ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ನನಗೆ ಚಹಾ ತರಿಸಿದರು. ನಾನು ಬಾಯಿ ತೆರೆಯುವ ಮೊದಲೇ "ಎಲ್ಲಿ ಸಹಿ ಮಾಡಬೇಕ್ರಿ?" ಎಂದು ಪೆನ್ನಿನ ಟೊಪ್ಪಿಗೆ ತೆಗೆದರು. ನನ್ನ ಕಸುಬಿನಲ್ಲಿ ಇಂಥ ಗಳಿಗೆಯನ್ನು ಉಸಿರು ಬಿಗಿಹಿಡಿದು ದಾಟಬೇಕು.

ಪೆನ್ನು ಕಾಗದಕ್ಕೆ ತಾಗುವ ಮುನ್ನ ಅವರು ಮೆಲ್ಲಗೆ ಕೇಳಿದರು: "ತಾಯಿ ಯಾವಾಗ ತೀರ್ಕೊಂಡ್ರು, ಪಾಪ?"

"ಸಂಜಿ ಆರಕ್ಕ ಬರ್ತಾಳ್ರಿ," ಎಂದೆ. "ಡ್ಯೂಟಿಗಿ ಹೋಗ್ಯಾಳ."

ಅವರು ನನ್ನನ್ನು ನೋಡಿದರು. ಕೂಸನ್ನು ನೋಡಿದರು. ಪೆನ್ನಿಗೆ ಟೊಪ್ಪಿಗೆ ಹಾಕಿದರು.

"ನಾಳಿ ಬರ್ರಿ."

೨. ರಾವೂರಿನ ಹಿಟ್ಟು

ಬಟ್ಟೆಯ ಬಣ್ಣಕ್ಕೆ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಚೆಂದದ ಹೆಸರಿತ್ತು. ನಮ್ಮ ಕಡೆ ಅದಕ್ಕೆ ಕಾವಿ ಎನ್ನುತ್ತಾರೆ.

ಸೋಮವಾರ ಮುಂಜಾನೆ ರಾವೂರಿನ ಮನೆಯೊಂದರ ಮುಂದೆ ನಿಂತು, ಗಿರಾಕಿಯ ದಾರಿ ಕಾಯುತ್ತಿದ್ದೆ. ಬಿಸಿಲಿಗೆಂದು ಕೂಸಿನ ತಲೆಯ ಮೇಲೆ ಬಟ್ಟೆಯ ಅಂಚು ಎಳೆದಿದ್ದೆ. ಪಕ್ಕದ ಮನೆಯಿಂದ ಕಣ್ಣು ಮಂಜಾದ ಮುದುಕಿಯೊಬ್ಬಳು ಬಟ್ಟಲು ತುಂಬ ಜೋಳದ ಹಿಟ್ಟು ಹಿಡಿದು ಹೊರಬಂದಳು. ಭಿಕ್ಷೆಗೆ ಬರುವ ಅಯ್ಯನವರ ಜೋಳಿಗೆಯೆಂದೇ ಅವಳ ನಂಬಿಕೆ.

"ಇವತ್ತ ಭಾಳ ಲಗೂ ಬಂದೀರಿ, ಅಯ್ಯನೋರ," ಎನ್ನುತ್ತ ಬಟ್ಟೆಯ ಅಂಚು ಸರಿಸಿದಳು. ಒಳಗಿನಿಂದ ಎರಡು ಕಣ್ಣು ಅವಳನ್ನು ನೋಡಿದವು. ಹಿಟ್ಟಿನ ಬಟ್ಟಲು ಗಾಳಿಯಲ್ಲೇ ನಿಂತಿತು.

"ಯಪ್ಪಾ! ಇದನ್ನ ಯಾವ ಮನಿಯವರು ನೀಡ್ಯಾರ್ರಿ?"

೩. ಸೇಡಂ ಬಸ್ಸಿನ ನ್ಯಾಯ

ಸೇಡಂನಿಂದ ಚಿತ್ತಾಪುರಕ್ಕೆ ಹೊರಟ ಬಸ್ಸು ತುಂಬಿತ್ತು. ಮುಂದೆ, ಹೆಣ್ಣುಮಕ್ಕಳ ಸೀಟಿನಲ್ಲಿ ಕುಳಿತ ಹಿರಿಯ ಹೆಂಗಸೊಬ್ಬಳು ಕೇಳಿದಳು: "ಕೂಸು ಹೆಣ್ಣೋ, ಗಂಡೋ?"

"ಹೆಣ್ರಿ."

"ಹಂಗಾದ್ರ ಕುಂದ್ರಲಿ," ಎಂದು ಸರಿದು ಜಾಗ ಬಿಟ್ಟಳು. ನಾನು ಕುಳಿತೆ.

"ಏ, ನೀವ್ಯಾಕ ಕುಂತ್ರಿ? ಜಾಗ ಕೊಟ್ಟಿದ್ದು ಕೂಸಿಗಿ."

"ಕೂಸು ನನ್ನ ಮೈಗೇ ಕಟ್ಟ್ಯದಲ್ರಿ."

"ಬಿಚ್ಚಿ ಕೊಡ್ರಿ."

ಓಡುವ ಬಸ್ಸಿನಲ್ಲಿ ಬಿಚ್ಚಲು ನಾನು ಒಪ್ಪಲಿಲ್ಲ. ಹಿಂದಿನ ಸೀಟಿನವಳು ನನ್ನ ಬೆನ್ನ ಮೇಲಿನ ಗಂಟನ್ನು ಎಳೆದು ಪರೀಕ್ಷಿಸಿ, "ಗಂಡ ಎಲ್ಲೂ ಓಡಿ ಹೋಗಬಾರ್ದಂತ ಹೆಣ್ತಿ ಕಟ್ಟಿ ಕಳಿಸ್ಯಾಳ," ಎಂದು ವರದಿ ಕೊಟ್ಟಳು. ವಿಷಯ ಕಂಡಕ್ಟರನ ಮುಂದೆ ಹೋಯಿತು. ಅವನು ಎರಡೂ ಕಡೆಯ ಮಾತು ಕೇಳಿ ನ್ಯಾಯ ಹೇಳಿದ: "ಕೂಸಿಗಿ ಸೀಟದ, ಟಿಕೆಟಿಲ್ಲ. ನಿಮಗ ಟಿಕೆಟದ, ಸೀಟಿಲ್ಲ."

ಹೀಗಾಗಿ ನನ್ನ ಮಗಳ ಖಾಲಿ ಸೀಟಿನ ಪಕ್ಕದಲ್ಲಿ, ಮಗಳನ್ನು ಹೊತ್ತುಕೊಂಡು, ಚಿತ್ತಾಪುರದ ತನಕ ನಿಂತೇ ಬಂದೆ. ನಡುವೆ ಯಾರೋ ಆ ಸೀಟಿನ ಮೇಲೆ ತರಕಾರಿ ಚೀಲ ಇಡಲು ಬಂದರು. ಹಿರಿಯ ಹೆಂಗಸು ಗದರಿಸಿದಳು: "ತೆಗೀರಿ ಅದನ್ನ! ಕೂಸು ಕುಂತದ!"

೪. ಐನಾಪುರದ ಅಮಾವಾಸ್ಯೆ

ಅಮಾವಾಸ್ಯೆ ಬಂತು. ಚಿಂಚೋಳಿ ದಾಟುವ ತನಕ ಅತ್ತ ಕೂಸು, ಐನಾಪುರದ ಮನೆಯ ಹೊಸ್ತಿಲಲ್ಲಿ ನನ್ನ ಎದೆಯ ಮೇಲೆ ನಿದ್ದೆ ಹೋಯಿತು.

"ಈಗ ಎದ್ದು ಅತ್ತರ ಮುಗೀತು," ಹೆಂಡತಿ ಪಿಸುಗುಟ್ಟಿದಳು. "ಮುತ್ಯಾ ಇಲ್ಲೇ ಇಟ್ಕೋತಾನ."

ಮುತ್ಯಾ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದರು. ಆ ಮನೆಯಲ್ಲಿ ಅವರ ಪಾದ ಮುಟ್ಟದವರಿಗೆ ನೀರೂ ಸಿಗುವುದಿಲ್ಲ, ಮಾತೂ ಸಿಗುವುದಿಲ್ಲ. ಅವರಿಗೆ ಕಿವಿ ಮಂದ. ಊರಿಗೆಲ್ಲ ಕಿವಿ ಮಂದವೇನೋ ಎಂಬಂತೆ ಗಟ್ಟಿಯಾಗಿ ಮಾತಾಡುತ್ತಾರೆ.

ನಾನು ಬಾಗಿದೆ. ಕೂಸು ಮುಖ ಸಿಂಡರಿಸಿತು. ನೆಟ್ಟಗಾದೆ, ಮತ್ತೆ ನಿದ್ದೆ. ಮೊಣಕಾಲೂರಲು ಹೋದೆ. ನಿಂತ ಅಪ್ಪ ಯಾವನು, ಕುಂತ ಅಪ್ಪ ಯಾವನು ಎಂಬುದು ಕೂಸುಗಳಿಗೆ ನಿದ್ದೆಯಲ್ಲೂ ತಿಳಿಯುತ್ತದೆ. ಮತ್ತೆ ನೆಟ್ಟಗಾದೆ.

"ಯಾಕ, ಬಾಗಂಗಿಲ್ಲೇನು?" ಎಂದರು ಮುತ್ಯಾ.

ಅತ್ತೆ ಅವರ ಕಿವಿಗೆ ಬಾಯಿಟ್ಟು ಹೇಳಿದರು: "ಕೂಸು ಮಲಗ್ಯದ. ಬಾಗಿದ್ರ ಏಳ್ತದ."

ಮುತ್ಯಾ ಯೋಚಿಸಿದರು. ಮಲಗಿದ ಕೂಸನ್ನು ಎಬ್ಬಿಸಿದ ಹೆಸರು ಅವರಿಗೆ ಬೇಡ. ಬರಬೇಕಾದ ನಮಸ್ಕಾರ ಬಿಡುವುದಂತೂ ಸಾಧ್ಯವೇ ಇಲ್ಲ.

"ಟೇಬಲ್ ತರ್ರಿ," ಎಂದರು.

ಟೇಬಲ್ ಬಂತು. ಮಾವ ಒಂದು ರಟ್ಟೆ, ಮಾವನ ತಮ್ಮ ಇನ್ನೊಂದು ರಟ್ಟೆ, ಅತ್ತೆ ಹಿಂದಿನಿಂದ. ಮೂವರೂ ಸೇರಿ ಅವರನ್ನು ಮೇಲೇರಿಸಿದರು. ಅಲುಗದಂತೆ ಟೇಬಲ್ಲಿನ ಕಾಲು ಹಿಡಿಯುವುದು ನನ್ನ ಹೆಂಡತಿಯ ಪಾಲಿಗೆ ಬಂತು. ಮುತ್ಯಾ ತೊಲೆಗೆ ತಲೆ ತಾಗುವ ಎತ್ತರದಲ್ಲಿ ಧೋತರ ಸರಿಪಡಿಸಿಕೊಂಡು, ಪಾದ ಜೋಡಿಸಿ ನಿಂತರು. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೈ ಚಾಚಿದಷ್ಟು ಸಲೀಸಾಗಿ, ನೆಟ್ಟಗೆ ನಿಂತು, ಪಾದ ಮುಟ್ಟಿದೆ. ಅಷ್ಟು ಆರಾಮಾಗಿ ನಾನು ಯಾರಿಗೂ ನಮಸ್ಕಾರ ಮಾಡಿದ್ದಿಲ್ಲ. ಕೂಸು ಮಿಸುಕಲಿಲ್ಲ.

ಆಗ ಮುತ್ಯಾ ಹರಸಿದರು.

"ನೂರು ವರ್ಷ ಸುಖವಾಗಿ ಬಾಳಪಾ!"

ಹೊಲದಲ್ಲಿದ್ದವರಿಗೂ ಆಶೀರ್ವಾದ ತಲುಪಿರಬೇಕು. ಕೂಸು ಬೆಚ್ಚಿ ಎದ್ದು, ಮುತ್ಯಾನಿಗೂ ಕೇಳುವಂತೆ ಅತ್ತಿತು. ಅತ್ತೆ ಕೂಸಿನತ್ತ ಕೈ ಚಾಚಿದರು, ಟೇಬಲ್ ಅಲುಗಿತು.

"ನನ್ನ ಬಿಡಬ್ಯಾಡ್ರೋ!" ಮುತ್ಯಾ ತೊಲೆಯನ್ನು ತಬ್ಬಿಕೊಂಡರು.

ಮನೆಯ ಕೈಗಳೆಲ್ಲ ಮುತ್ಯಾನಿಗೆ ಹೋದವು. ಕೂಸಿಗೆ ಉಳಿದವನು ನಾನೊಬ್ಬ. ಬೆನ್ನು ತಟ್ಟುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, ಟೇಬಲ್ಲಿನ ಸುತ್ತ ತಿರುಗತೊಡಗಿದೆ. ಅಳು ಬಿಕ್ಕಾಯಿತು, ಬಿಕ್ಕು ಸಣ್ಣ ಗೊರಕೆಯಾಯಿತು.

ಮುತ್ಯಾ ಇದೆಲ್ಲವನ್ನೂ ಮೇಲಿನಿಂದಲೇ ನೋಡಿದರು. ಆಮೇಲೆ, ಆ ಮನೆಯಲ್ಲಿ ಯಾರೂ ಎಂದೂ ಕೇಳಿರದ ಸಣ್ಣ ದನಿಯಲ್ಲಿ, ತೀರ್ಪು ಕೊಟ್ಟರು:

"ಕೂಸು ಅವನ ಹತ್ರಾನೇ ಇರಲಿ. ಮೊದಲ ನನ್ನ ಇಳಸ್ರಿ."