ಕೋಲಾರದಲ್ಲಿ ಜರ್ಮನ್ ಸಿನಿಮಾ ಹಾಕಿದ ತಪ್ಪಿಗೆ

ನಾನು ಒಳ್ಳೆ ಕೆಲಸಕ್ಕೆ ಕೈ ಹಾಕಿದಾಗೆಲ್ಲ ಮರ್ಯಾದೆ ಹೋಗುತ್ತೆ. ಇಷ್ಟು ವರ್ಷದ ಮೇಷ್ಟ್ರಗಿರೀಲಿ ಒಂದು ಸಲವೂ ತಪ್ಪಿಲ್ಲ. ಈ ಸಲದ ಒಳ್ಳೆ ಕೆಲಸ, ನಮ್ಮ ಕಾಲೇಜಿನಲ್ಲಿ ಜರ್ಮನ್ ಕಾದಂಬರಿ ಆಧರಿಸಿದ ಸಿನಿಮಾ ತೋರಿಸಿದ್ದು. ಕೆಲಸ ಹೋದ ಗುಮಾಸ್ತನೊಬ್ಬ ಹೆಂಡತಿಗೆ ಹೇಳದೆ ದಿನಾ ಟೈ ಕಟ್ಟಿಕೊಂಡು ಊರು ಸುತ್ತುವ ಕಥೆ. ಪರದೆ ಕೆಳಗಿನ ಕನ್ನಡ ಸಾಲುಗಳನ್ನು ಎರಡು ತಿಂಗಳು ಕೂತು ನಾನೇ ಬರೆದಿದ್ದೆ.

೧. ಷರತ್ತು

ಹಾಲ್ ಕೇಳಿದರೆ ಪ್ರಿನ್ಸಿಪಾಲರು, "ಹೋದ ಸಲ ಕೊನೇಲಿ ನೀವೂ ಪ್ರೊಜೆಕ್ಟರೂ ಇಬ್ಬರೇ ಇದ್ರಿ. ಈ ಸಲ ಕೊನೇವರೆಗೆ ಇಪ್ಪತ್ತು ತಲೆ ಕೂತಿರದಿದ್ರೆ ನಿಮ್ಮ ಚಿತ್ರಸಂಘ ಬಂದ್. ಹಾಲ್ ಯೋಗ ಕ್ಲಾಸಿಗೆ ಕೊಡ್ತೀನಿ" ಅಂದರು.

"ಅಲ್ಲೂ ಜನ ಮಲಗೇ ಇರ್ತಾರಲ್ಲ ಸಾರ್" ಅಂದೆ ಸಿಟ್ಟಿನಿಂದ.

"ಅದು ಆರೋಗ್ಯಕ್ಕೆ ಒಳ್ಳೇದು" ಅಂದರು.

೨. ಪೋಸ್ಟರ್

'ಎರಡು ಮಹಾಯುದ್ಧಗಳ ನಡುವಿನ ನಗರ' ಅಂತ ಬರೆದುಕೊಟ್ಟೆ. ಪ್ರಿಂಟಿಂಗ್ ಅಂಗಡಿಯವನು 'ಎರಡು ಮಹಾಯುದ್ಧಗಳ' ಅನ್ನೋದನ್ನು ಕೆಂಪಕ್ಷರದಲ್ಲಿ ದಪ್ಪಕ್ಕೆ ಹಾಕಿ, ಉಳಿದದ್ದನ್ನು ಇರುವೆ ಸಾಲಿನ ಹಾಗೆ ಕೆಳಗೆ ತುರುಕಿದ್ದ. ಯಾಕಯ್ಯಾ ಹೀಗೆ ಮಾಡಿದೆ ಅಂತ ರೇಗಿದೆ.

"ನಗರ ನೋಡೋಕೆ ಯಾರ್ ಬರ್ತಾರೆ ಸಾರ್? ಬಸ್ ಹತ್ತಿದ್ರೆ ಬೆಂಗಳೂರೇ ಇದೆ."

೩. ಟೈ

ಅವತ್ತು ಜನ ಬಂದರು. ಮುಳಬಾಗಿಲ ಕಡೆಯವರ ಬಸ್ಸು ಲೇಟಾಗಿ, ಒಂದು ದೊಡ್ಡ ಗುಂಪು ಸಿನಿಮಾ ಶುರುವಾದ ಮೇಲೆ ನುಗ್ಗಿತು. ನಮ್ಮ ಮನೆಗೆ ಹಾಲು ಹಾಕೋ ಕ್ಯಾಲನೂರಿನಮ್ಮ ನನ್ನ ಪಕ್ಕದಲ್ಲೇ ಕೂತು, "ಆ ಪಾಪದವನಿಗೆ ನರಸಾಪುರದ ಫ್ಯಾಕ್ಟರಿಗಳ ವಿಷಯ ಗೊತ್ತಿಲ್ವಾ ಸಾರ್? ಕಂಪನಿ ಬಸ್ಸೇ ಬಂದು ಕರ್ಕೊಂಡು ಹೋಗುತ್ತೆ" ಅಂದಳು.

"ಅಮ್ಮಾ, ಅದು ಜರ್ಮನಿ. ಸುಮಾರು ನೂರು ವರ್ಷದ ಹಿಂದಿನದು."

"ಆಗ್ಲಿ ಸಾರ್. ಮೊದಲು ಆ ಟೈ ಬಿಚ್ಚಿ, ಹೆಂಡ್ತಿ ಹತ್ರ ನಿಜ ಹೇಳೋಕೆ ಹೇಳಿ."

ಸಿನಿಮಾಕ್ಕೆ ಮೊದಲು ಆಡೋಕೆ ಅಂತ ನಾನು ಒದ್ದಾಡಿ ಬರೆದ ಮುನ್ನುಡಿ ಭಾಷಣದಲ್ಲಿ ಇಷ್ಟೇ ಇದ್ದದ್ದು. ಅಷ್ಟಕ್ಕೆ ನನಗೆ ನಲವತ್ತು ನಿಮಿಷ ಬೇಕಾಗಿತ್ತು.

೪. ಇಪ್ಪತ್ತು ತಲೆ

ಸಿನಿಮಾ ಮುಗೀತು. ಲೈಟು ಹಾಕಿಸಿಕೊಂಡು ಪ್ರಿನ್ಸಿಪಾಲರು ಒಳಗೆ ಬಂದರು. ಮುಳಬಾಗಿಲ ಗುಂಪಿನಲ್ಲಿ ಒಬ್ಬರೂ ಎದ್ದಿರಲಿಲ್ಲ. ಬೆರಳು ಮಡಿಸಿ ಎಣಿಸಿದರು: ಮೂವತ್ತೊಂದು. ಬಿಡ್ತೀನಾ, "ನೋಡಿ ಸಾರ್, ನಮ್ಮ ಜನಕ್ಕೆ ಒಳ್ಳೆ ಸಿನಿಮಾ ಹಿಡಿಸಲ್ಲ ಅಂತಿದ್ರಲ್ಲ!" ಅಂತ ದಬಾಯಿಸಿದೆ.

ಆ ಗುಂಪಿನಲ್ಲಿ ಮುಂದಿನ ಸಾಲಿನಲ್ಲಿದ್ದ ರಿಟೈರ್ಡ್ ಮಿಲಿಟರಿಯವರೊಬ್ಬರು ಕೈ ಎತ್ತಿ ತೆಲುಗಿನಲ್ಲಿ ಕೇಳಿದರು. "ರೆಂಡೋ ಯುದ್ಧಂ ಎಪ್ಪುಡು ಸಾರ್?"

"ಎರಡನೇ ಯುದ್ಧ ಯಾವಾಗ ಅಂತಲಾ?"

"ಹೂಂ ಸಾರ್. ಬಸ್ ಲೇಟಾಗಿ ಮೊದಲನೇ ಯುದ್ಧ ತಪ್ಪೋಯ್ತು. ಈ ನಡುವಿಂದು ಹೆಂಗೋ ನೋಡಿದ್ವಿ. ಎರಡನೇದನ್ನಾದ್ರೂ ಪೂರ್ತಿ ನೋಡೋಣ ಅಂತ ಕೂತಿದೀವಿ."

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನನ್ನ ಸಂಘದ ಉಳಿವು ನನ್ನ ನಾಲಿಗೆ ತುದೀಲಿತ್ತು.

"ಬರೋ ಶನಿವಾರ" ಅಂದೆ.

"ಸರಿ, ಹಾಗಾದ್ರೆ ಬೇಗ ಬರ್ತೀವಿ" ಅಂತ ಎದ್ದರು ಅವರು. "ಮೊದಲನೇದನ್ನೂ ಇನ್ನೊಂದ್ಸಲ ಹಾಕ್ಬಿಡಿ."