ಐದು ಗಂಟೆಯ ಕವಿತೆ

ಕಾಲಿಗೆ ಚಕ್ರ ಕಟ್ಟಿಕೊಂಡು ಊರೂರು ಸುತ್ತಿದ ನನಗೆ ಇಂಥ ಪ್ರಸಂಗಗಳು ಹುಡುಕದೆಯೇ ಸಿಗುತ್ತವೆ. ಓಕ್ಲ್ಯಾಂಡಿಗೆ ಬಂದ ಮೇಲಂತೂ ಪಕ್ಕದ ಅಪಾರ್ಟ್‌ಮೆಂಟಿನಲ್ಲೇ ಸಿಕ್ಕವು. ಅಲ್ಲಿ ಮಗಳ ಮನೆಯಲ್ಲಿರುವ ಟೀಚರು ಮಿಜೋರಾಮಿನವರು, ಮಿಜೋ ಭಾಷೆಯ ಕವಿ. ತೀರಿಹೋದ ತಾಯಿಯ ಮೇಲೆ ಕವಿತೆ ಬರೆದು ವರ್ಷವಾಗಿತ್ತು. ಓದಿ ಕೇಳಿಸಲು ಒಂದು ಕಿವಿ ಸಿಕ್ಕಿರಲಿಲ್ಲ. "ನಲವತ್ತು ಜನ ಕನ್ನಡದವರನ್ನ ತರ್ತೀನಿ" ಎಂದುಬಿಟ್ಟೆ.

ಹಾಲ್ ನೋಡಲು ಹೋದದ್ದು

ಸ್ಯಾನ್ ಹೊಸೆಗೆ ಹೊರಟೆವು. ಸ್ಟಿಯರಿಂಗು ಟೀಚರ ಕೈಯಲ್ಲಿ. ಅವರ ಊರಿನ ಗುಡ್ಡದ ರಸ್ತೆಯಲ್ಲಿ ಯಾರೂ ಹಾರನ್ ಹೊಡೆಯುವುದಿಲ್ಲವಂತೆ, ಮುಂದಿನವರನ್ನು ದಾಟುವುದಿಲ್ಲವಂತೆ. ಫ್ರೀವೇಯಲ್ಲೂ ಅದೇ ಶಿಸ್ತು. ಬಂದರಿನ ಕಂಟೇನರ್ ಲಾರಿಯೊಂದರ ಹಿಂದೆ, ಮಂಜಿನಲ್ಲಿ, ತೇಲಿದಂತೆ ಹೋದೆವು.

"ಟೀಚರ್, ಅವನನ್ನ ದಾಟಿ!"

"ಅವನು ನನಗಿಂತ ಮೊದಲು ಬಂದವನಲ್ವಾ?"

ಲಾರಿ ಯಾವುದೋ ಗೋದಾಮಿಗೆ ತಿರುಗಿತು. ನಾವೂ ತಿರುಗಿದೆವು. ಗೇಟಿನವನು ಇಣುಕಿ, "ಏನು ಸರಕು?" ಎಂದ.

"ಒಂದು ಕವಿತೆ" ಎಂದರು ಟೀಚರು.

ಊಟಕ್ಕೆ ಕರೆದದ್ದು

ಕೇಳುಗರ ಪರಿಚಯವಾಗಲಿ ಅಂತ ಟೀಚರು ಮಂಡ್ಯದ ನನ್ನ ಗೆಳತಿಯನ್ನೂ ಅವಳ ಗಂಡನನ್ನೂ ರಾತ್ರಿಯೂಟಕ್ಕೆ ಕರೆದರು. ಮಿಜೋ ಮನೆಗಳಲ್ಲಿ ಆ ಊಟ ಹೊತ್ತು ಮುಳುಗುವ ಮೊದಲೇ ಮುಗಿಯುತ್ತದೆ. ನಮ್ಮವರು ಎಂಟೂವರೆಗೆ ಬೆಲ್ ಒತ್ತಿದರು. ಟೀಚರು ಕಣ್ಣುಜ್ಜುತ್ತ ಬಾಗಿಲು ತೆರೆದು ಹೇಳಿದರು: "ತಿಂಡಿಗೆ ಇಷ್ಟು ಬೇಗ ಬಂದುಬಿಟ್ರಾ?"

ಓದಿದ್ದು

ಓದು ಸಂಜೆ ಐದಕ್ಕೆ. ಐದಕ್ಕೆ ಸರಿಯಾಗಿ ಟೀಚರು ಎದ್ದು ನಿಂತರು. ಎದುರಿಗೆ ನಲವತ್ತು ಕುರ್ಚಿ, ಜೊತೆಗೆ ನಾನು. ಪಟ್ಟಿ ಹಿಡಿದು ಒಬ್ಬೊಬ್ಬರ ಹಾಜರಿ ಕರೆದರು. ನಲವತ್ತೂ ಗೈರು. ನಾನು ನೆಲ ನೋಡುತ್ತ ಕೂತೆ.

ಆರಕ್ಕೆ ನಮ್ಮವರ ದಂಡು ಬಂತು: ಡೈರೆಕ್ಟರುಗಳು, ಡಾಕ್ಟರುಗಳು, ಅಜ್ಜ-ಅಜ್ಜಿಯರು. ಟೀಚರು ಕೈಯೆತ್ತಿದರು. "ತಡವಾಗಿ ಬಂದವರು ಹೊರಗೆ ನಿಲ್ಲಿ."

ಅಷ್ಟೂ ಜನ ಕಾರಿಡಾರಿನುದ್ದಕ್ಕೂ ಕೈಕಟ್ಟಿ ಸಾಲಾಗಿ ನಿಂತರು. ತೆರೆದ ಬಾಗಿಲಿನತ್ತ ಮುಖ ಮಾಡಿ ಟೀಚರು ಮಿಜೋದಲ್ಲಿ ಓದಿದರು. ಒಂದು ಪದವೂ ಯಾರಿಗೂ ಅರ್ಥವಾಗಲಿಲ್ಲ; ಒಂದು ಫೋನೂ ಬಡಿದುಕೊಳ್ಳಲಿಲ್ಲ. ದೂರದ ಗುಡ್ಡವೊಂದು ನಿದ್ದೆಯಲ್ಲಿ ಗುನುಗಿದಂತಿತ್ತು.

ಮುಗಿದ ಮೇಲೆ ಧಾರವಾಡದ ಕಡೆಯ ಎಂಬತ್ತರ ಅಜ್ಜರೊಬ್ಬರು ಬಾಗಿಲಿಂದ ತಲೆ ಹಾಕಿದರು. "ಮೇಡಂ, ನಾಳೆ ನಮ್ಮಪ್ಪನ್ನ ಕರ್ಕೊಂಡ್ ಬರಬೇಕೇನ್ರಿ? ಅಂವಾ ತೀರ್ಕೊಂಡು ಐವತ್ತು ವರ್ಷಾತ್ರಿ."

ನಾನು ಇಂಗ್ಲಿಷಿನಲ್ಲಿ ತಿಳಿಸಿದೆ. ಟೀಚರು ಕಣ್ಣೊರೆಸಿಕೊಂಡರು.

"ಕರ್ಕೊಂಡು ಬನ್ನಿ. ತೀರಿಕೊಂಡವರು ಟೈಮಿಗೆ ಸರಿಯಾಗಿ ಬರ್ತಾರೆ. ನಮ್ಮಮ್ಮ ನೋಡಿ, ಐದಕ್ಕೇ ಬಂದು ಮುಂದಿನ ಸಾಲಲ್ಲಿ ಕೂತಿದ್ದಾರೆ."